ಲೇಯವ್ವನ ಶೋಧನೆ

ಆ ಕಾಲದಲ್ಲಿ ಶನಿವಾರ ಬಂತೆಂದರೆ ನನ್ನ ಬಲಗೈ ಹೆಬ್ಬೆರಳು ಕಪ್ಪಾಗಿರುತ್ತಿತ್ತು. ಅದು ಹಾಳೆಗಳ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಮಸಿ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರೂ, ನನ್ನ ಹೆಂಡತಿ ಸಲೋಮಿ ಕೊಟ್ಟ ನಿಂಬೆಹೋಳಿನಿಂದ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿದೇ ಉಳಿಯುತ್ತಿತ್ತು. ಮಾರನೆಯ ಬೆಳಿಗ್ಗೆ ಆರಾಧನೆಯಲ್ಲಿ ಅದೇ ಬೆರಳಿನಿಂದ ಬೈಬಲ್ಲಿನ ಪುಟ ಮಗುಚುತ್ತಿದ್ದೆ. ಕರ್ತನ ಭೋಜನದ ದಿನ ಅದೇ ಬೆರಳಿನಿಂದ ರೊಟ್ಟಿಯ ತುಣುಕು ತೆಗೆದುಕೊಳ್ಳುತ್ತಿದ್ದೆ. ಸುಳ್ಳೇಕೆ ಹೇಳಲಿ, ಆ ಕಪ್ಪಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. ದೇವರ ಕೆಲಸ ಮಾಡಿ ಹತ್ತಿದ ಮಸಿ ಎಂದುಕೊಳ್ಳುತ್ತಿದ್ದೆ. ಆ ಮಸಿಯಲ್ಲೇ ನಾನು ಒಬ್ಬ ಹೆಂಗಸಿನ ಹೆಸರು ಕೆಡಿಸಿದೆ, ಅನ್ನ ಕಳೆದೆ. ಅದನ್ನು ಹೇಳಬೇಕೆಂದೇ ಈಗ ಬರೆಯಲು ಕೂತಿದ್ದೇನೆ.

ನಮ್ಮದು ಚಿಕ್ಕ ಮೆಥೋಡಿಸ್ಟ್ ಸಭೆ. ಎಲ್ಲ ಸೇರಿದರೂ ಮೂವತ್ತು ಮನೆ ದಾಟುತ್ತಿರಲಿಲ್ಲ. ಪಾಸ್ಟರ್ ಅಮೋಸ್ ಅವರು ಇನ್ನೂ ಮೂರು ಊರುಗಳ ಸಭೆಗಳನ್ನು ನೋಡಿಕೊಳ್ಳಬೇಕಿತ್ತು. ಸೈಕಲ್ ತುಳಿದು ತುಳಿದು ಅವರ ಮೊಣಕಾಲು ಸವೆದುಹೋಗಿದ್ದವು. ಹಾಗಾಗಿ ಬುಧವಾರ ಸಂಜೆಯ ಪ್ರಾರ್ಥನಾ ಕೂಟವನ್ನೂ ವಾರದ ಹಾಳೆಯನ್ನೂ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ಒಪ್ಪಿಸಿದ್ದರು. ಹಾಳೆಗೆ ‘ವಾರದ ವಿಜ್ಞಾಪನೆ’ ಎಂದು ಹೆಸರಿಟ್ಟವನು ನಾನೇ. ಒಂದು ಮಗ್ಗುಲಲ್ಲಿ ಬೈಬಲ್ಲಿನ ಒಂದು ಭಾಗ ಮತ್ತು ಅದರ ಮೇಲೆ ನನ್ನ ಧ್ಯಾನ. ಇನ್ನೊಂದು ಮಗ್ಗುಲಲ್ಲಿ ಆ ವಾರ ಯಾರ್ಯಾರಿಗಾಗಿ ಪ್ರಾರ್ಥಿಸಬೇಕು ಎಂಬ ಪಟ್ಟಿ. ಯಾರಿಗೋ ಜ್ವರ, ಯಾರದೋ ಹೆರಿಗೆ, ಯಾರ ಮಗನಿಗೋ ಪರೀಕ್ಷೆ. ಬುಧವಾರದ ಕೂಟದಲ್ಲಿ ಒಬ್ಬೊಬ್ಬರೂ ತಮ್ಮ ಬಿನ್ನಹ ಹೇಳುತ್ತಿದ್ದರು, ನಾನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ, ಭಾನುವಾರ ಅದು ಅಚ್ಚಾಗಿ ಎಲ್ಲರ ಕೈಗೆ ಬರುತ್ತಿತ್ತು.

ಬರೆದುಕೊಳ್ಳುತ್ತಿದ್ದೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ತಿದ್ದಿಕೊಳ್ಳುತ್ತಿದ್ದೆ. “ನನ್ನ ಸೊಸಿಗೆ ಹೊಟ್ಟಿ ಕಡೀತೈತ್ರಿ” ಎಂದು ಒಬ್ಬಾಕೆ ಹೇಳಿದರೆ ಹಾಳೆಯಲ್ಲಿ ‘ಉದರಬಾಧೆಯಿಂದ ಬಳಲುತ್ತಿರುವ ಸಹೋದರಿ’ ಎಂದಿರುತ್ತಿತ್ತು. “ಮಾಸ್ತರ್, ನೀವು ಬರದದ್ದು ತಿಳೀಬೇಕಂದ್ರ ದೇವರೂ ಪದಕೋಶ ತಗದು ಕೂಡಬೇಕು ನೋಡ್ರಿ” ಎಂದು ಪಾಸ್ಟರ್ ಅಮೋಸ್ ಒಮ್ಮೆ ಚೇಷ್ಟೆ ಮಾಡಿದ್ದರು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು ಮನೆಗೆ ಬಂದು ಸಲೋಮಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ ಒಲೆಯತ್ತ ತಿರುಗಿದಳು.

ಲೇಯವ್ವ ನಮ್ಮೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯಾಕೆ. ಐವತ್ತರ ಆಸುಪಾಸಿನ ವಿಧವೆ, ಮಕ್ಕಳಿರಲಿಲ್ಲ. ಹಾಸ್ಟೆಲಿನ ಹಿತ್ತಲಲ್ಲಿ ಒಂದು ಕೋಣೆ, ಒಂದು ತಗಡಿನ ಟ್ರಂಕು, ಮೂರು ಹೊತ್ತು ನಲವತ್ತು ಹುಡುಗಿಯರ ಊಟ. ಬುಧವಾರ ರೊಟ್ಟಿ ಬಡಿದು ಮುಗಿಸಿ, ಕೈಗೆ ಜೋಳದ ಹಿಟ್ಟು ಹತ್ತಿದ ಹಾಗೆಯೇ ಓಡಿ ಬಂದು, ಬಾಗಿಲ ಪಕ್ಕದ ಚಾಪೆಯ ಮೇಲೆ ಕೂರುತ್ತಿದ್ದಳು. ಓದು ಬರಹ ಬರುತ್ತಿರಲಿಲ್ಲ. ಆದರೆ ಪ್ರಾರ್ಥನೆಗೆ ನಿಂತಳೆಂದರೆ ಅಳುಕು ಎಂಬುದೇ ಇಲ್ಲ. “ಏನಪಾ, ಹೋದ ವಾರ ಹೇಳಿದ್ದು ನೆನಪೈತಿಲ್ಲೋ? ಆ ಸಣ್ಣ ಹುಡುಗಿ ಕೆಮ್ಮು ಇನ್ನೂ ನಿಂತಿಲ್ಲ ನೋಡು. ಎಷ್ಟ್ ಸಲ ಹೇಳಬೇಕು ನಿನಗ?” ಎಂದು ದೇವರಿಗೇ ಗದರಿಬಿಡುತ್ತಿದ್ದಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ನನಗೆ ಮಾತ್ರ ಕಿರಿಕಿರಿ. “ಲೇಯಮ್ಮಾ, ದೇವರ ಸಂಗಾಟ ಮಾತಾಡೂಮುಂದ ಸ್ವಲ್ಪ ಮರ್ಯಾದಿ ಇರಲಿ” ಎಂದು ಒಮ್ಮೆ ಹೇಳಿಯೇಬಿಟ್ಟೆ.

“ಮರ್ಯಾದಿ ಮಂದಿಗೆ ಕೊಡೂದ್ರಿ ಮಾಸ್ತರ. ಆತ ನಮ್ಮಪ್ಪ ಅಲ್ಲೇನು?” ಎಂದಳು.

ಕರ್ತನ ಪ್ರಾರ್ಥನೆಯನ್ನು ನಾವೆಲ್ಲ ಒಟ್ಟಾಗಿ ಹೇಳುವಾಗ ಆಕೆಯ ಗಟ್ಟಿ ದನಿ ಒಂದು ಮಾತು ಹಿಂದೆ ಬರುತ್ತಿತ್ತು. ನಾವು ಆಮೆನ್ ಎಂದು ಮುಗಿಸಿ ಕೂರುವಷ್ಟರಲ್ಲಿ ಬಾಗಿಲ ಬಳಿಯಿಂದ ಆಕೆಯದೊಂದು ಆಮೆನ್ ಬೇರೆಯಾಗಿ ಕೇಳಿಸುತ್ತಿತ್ತು. ಈ ಮುದುಕಿ ಯಾವಾಗ ಸರಿಯಾಗಿ ಕಲಿಯುತ್ತಾಳೋ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಆ ಬುಧವಾರ ಆಕೆ ತಡವಾಗಿ ಬಂದಳು. ಕಣ್ಣು ಕೆಂಪಾಗಿದ್ದವು. ಬಿನ್ನಹ ಹೇಳುವ ಸರದಿ ಬಂದಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಎದ್ದಳು.

“ನಾ ಶೋಧನ್ಯಾಗ ಬಿದ್ದೀನ್ರಿ” ಎಂದಳು. “ದಿನಾ ಬೇಡಿಕೊಂಡೆ. ಬೇಡಿಕೊಂಡ್ರೂ ಬಿದ್ದೆ. ನನ್ನ ಸಲುವಾಗಿ ಎಲ್ಲಾರೂ ಪ್ರಾರ್ಥನಾ ಮಾಡ್ರಿ.” ಅಷ್ಟು ಹೇಳಿ ಅಳುತ್ತ ಕೂತುಬಿಟ್ಟಳು.

ನಮ್ಮ ಸಭೆಗಳ ಮಾತಿನಲ್ಲಿ ಶೋಧನೆ ಎಂದರೆ ಒಂದೇ ಅರ್ಥ. ಪಾಪದ ಕಡೆಗೆ ಎಳೆಯುವ ಸೆಳೆತ, ಸೈತಾನ ಒಡ್ಡುವ ಆಸೆ. ಅದರೊಳಗೆ ನಮ್ಮನ್ನು ಸೇರಿಸಬೇಡ ಎಂದು ಕರ್ತನ ಪ್ರಾರ್ಥನೆಯಲ್ಲಿ ಬೇಡಿಕೊಳ್ಳುತ್ತೇವೆ. ಶೋಧನೆಯಲ್ಲಿ ಬಿದ್ದೆ ಎಂದು ಒಬ್ಬರು ಕೂಟದಲ್ಲಿ ಎದ್ದು ಹೇಳಿದರೆ ಅದು ತಪ್ಪೊಪ್ಪಿಗೆ. ಒಪ್ಪಿಕೊಂಡವರನ್ನು ಏನು, ಎತ್ತ ಎಂದು ಬಗೆದು ಕೇಳಬಾರದು ಎಂಬುದು ನಮ್ಮ ಕೂಟದ ಹಳೆಯ ನಡಾವಳಿ. ಹಾಗಾಗಿ ಯಾರೂ ಕೇಳಲಿಲ್ಲ. ಮೂಲೆಯಲ್ಲಿ ಯಾರೋ ಮೆಲ್ಲಗೆ “ಸ್ತೋತ್ರ” ಎಂದರು. ನಾನು ಬರೆದುಕೊಂಡೆ. ಇಷ್ಟು ವರ್ಷಕ್ಕೆ ಈ ಹೆಂಗಸು ದೇವರಿಗೆ ಗದರುವುದನ್ನು ಬಿಟ್ಟು ತನ್ನ ಪಾಪ ಹೇಳಿಕೊಂಡಳಲ್ಲ ಎಂದು ನನಗೆ ಒಂದು ಬಗೆಯ ಸಮಾಧಾನವೇ ಆಯಿತು.

ಮಾರನೆಯ ದಿನ ಸಲೋಮಿ ನಲ್ಲಿಯಿಂದ ನೀರು ತರುತ್ತಲೇ ಸುದ್ದಿಯನ್ನೂ ತಂದಳು. “ಕೇಳಿದ್ರೇನು? ಹಾಸ್ಟೆಲಿನ ವಾರ್ಡನ್ ನತಾನಿಯೇಲ್ ಬಾಯಾರ ಬಂಗಾರದ ಪಾಟ್ಲಿ ಬಳಿ ಕಾಣವಲ್ಲವಂತ. ಅವರ ತಾಯಿವು ಅಂತ.”

ನನ್ನ ಕೈಯಲ್ಲಿ ಪೆನ್ನು ಹಾಗೇ ನಿಂತಿತು. “ಅದಕ್ಕ!” ಎಂದೆ.

“ಅದಕ್ಕ ಅಂದ್ರ?”

ಬುಧವಾರದ ಮಾತನ್ನು ಹೇಳಿದೆ. ಸಲೋಮಿ ಕೊಡವನ್ನು ಠಪ್ಪೆಂದು ಇಳಿಸಿದಳು. “ಲೇಯವ್ವನಾ? ಬಿಡ್ರಿ ಅತ್ಲಾಗ! ಅರ್ಧ ರೊಟ್ಟಿ ಉಳದ್ರ ಕೇಳಿ ತಿನ್ನೋ ಹೆಂಗಸು ಆಕಿ. ನೀವು ಒಂದ್ ಮಾತು ಆಕಿನ್ನ ಕೇಳಿ ಆಮ್ಯಾಲ ಬರೀರಿ.”

“ಕೇಳೂದೇನೈತಿ? ಹದಿನೆಂಟು ಮಂದಿ ಮುಂದ ಆಕಿನ ಬಾಯಿಂದನ ಬಂದ ಮಾತು.”

“ಹಾಸ್ಟೆಲೇನು ಹತ್ತು ಹರದಾರಿ ದೂರ ಐತೇನು? ಓಣಿ ದಾಟಿದ್ರ ಆತು.”

ಓಣಿ ದಾಟಲಿಲ್ಲ. ಕೂಟದ ನಡಾವಳಿ ಅಡ್ಡ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಅಷ್ಟರಲ್ಲಿ ಧ್ಯಾನದ ಅರ್ಧ ಬರೆದಾಗಿತ್ತು. ಬೆಂಕಿ ಕಾಯಿಸಿಕೊಳ್ಳುತ್ತ ಕೂತು ತನ್ನ ಗುರುವನ್ನೇ ಅರಿಯೆನೆಂದು, ಆಮೇಲೆ ಅತ್ತ ಬೈಬಲ್ಲಿನ ಪೇತ್ರನನ್ನು ತೆಗೆದುಕೊಂಡಿದ್ದೆ. ಬೀಳುವುದು ಮಾನವ ಸಹಜ, ಬಿದ್ದೆನೆಂದು ಅಳುವುದು ದೈವಕೃಪೆ ಎಂದೆಲ್ಲ ಸಾಲುಗಳು ತಾವಾಗಿ ಬರುತ್ತಿದ್ದವು. ಹೋಗಿ ಕೇಳಿದರೆ ಬರವಣಿಗೆ ಕೆಟ್ಟೀತು ಎಂಬ ಅಂಜಿಕೆ ನನಗಿತ್ತು. ಇಷ್ಟು ಸಣ್ಣ ಮನುಷ್ಯನಾಗಿದ್ದೆ ನಾನು.

ಪಟ್ಟಿಯ ಕಡೆಯಲ್ಲಿ ಹೀಗೆ ಬರೆದೆ: ‘ಶೋಧನೆಗೆ ಒಳಗಾಗಿ, ಅದನ್ನು ಮರೆಮಾಚದೆ ಸಭೆಯ ಮುಂದೆ ಅರಿಕೆ ಮಾಡಿಕೊಂಡ ಸಹೋದರಿ ಲೇಯಮ್ಮನವರಿಗಾಗಿ.’ ಶನಿವಾರ ಯಂತ್ರಕ್ಕೆ ಮಸಿ ಹೆಚ್ಚಾಗಿತ್ತು. ಒದ್ದೆ ಹಾಳೆಗಳನ್ನು ಎತ್ತಿ ಎತ್ತಿ ಇಡುವಾಗ ಪ್ರತಿಯೊಂದರ ಕೆಳಮೂಲೆಯಲ್ಲೂ, ಆ ಸಾಲಿನ ಪಕ್ಕದಲ್ಲೇ, ನನ್ನ ಹೆಬ್ಬೆರಳಿನ ಗುರುತು ಬಿತ್ತು.

ಭಾನುವಾರ ಬಾಗಿಲಲ್ಲಿ ಹಾಳೆ ಹಂಚುವಾಗ ಲೇಯವ್ವ ಎರಡೂ ಕೈ ಒಡ್ಡಿ ತೆಗೆದುಕೊಂಡಳು. “ಇದರಾಗ ನನ್ನ ಹೆಸರೈತೇನ್ರಿ ಮಾಸ್ತರ?”

“ಐತಿ. ಇಲ್ಲಿ ನೋಡು, ಈ ಕಪ್ಪು ಗುರುತಿನ ಬಾಜೂಕ.”

ಆಕೆ ಅಲ್ಲಿ ಬೆರಳಿಟ್ಟು ನೋಡಿದಳು. ಹೊಸ ಬಟ್ಟೆಯನ್ನು ಸವರಿದ ಹಾಗೆ ಮೆಲ್ಲಗೆ ಸವರಿದಳು. ಆಮೇಲೆ ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಭಾಳ ಉಪಕಾರ ಆತ್ರಿ. ಇನ್ನ ಎಲ್ಲಾರಿಗೂ ತಿಳೀತೈತಿ” ಎಂದಳು. ಎಂಥ ದೀನತೆ ಎಂದು ನಾನು ಬೆರಗಾದೆ! ಆ ದಿನ ಆಕೆಯ ಆಮೆನ್ ಎಂದಿಗಿಂತ ಗಟ್ಟಿಯಾಗಿತ್ತು. ಮುಂದಿನ ಬೆಂಚಿನಲ್ಲಿ ವಾರ್ಡನ್ ನತಾನಿಯೇಲ್ ಬಾಯಿಯವರು ಹಾಳೆಯನ್ನು ಎರಡು ಸಲ ಓದಿ ಬ್ಯಾಗಿನಲ್ಲಿ ಇಟ್ಟುಕೊಂಡದ್ದನ್ನು ನಾನು ನೋಡಿದೆ.

ಸೋಮವಾರ ಲೇಯವ್ವನನ್ನು ಕೆಲಸದಿಂದ ಬಿಡಿಸಿದರು.

ಗುರುವಾರ ಮಧ್ಯಾಹ್ನ ಆಕೆ ನಮ್ಮ ಮನೆಗೆ ಬಂದಳು. ಮೂರು ದಿನ ಯಾರದೋ ಜಗುಲಿಯ ಮೇಲೆ ಇದ್ದಳಂತೆ. ತಲೆಯ ಮೇಲಿನ ಟ್ರಂಕನ್ನು ನಮ್ಮ ಕಟ್ಟೆಯ ಮೇಲಿಳಿಸಿ, ಸೆರಗಿನ ಗಂಟು ಬಿಚ್ಚಿ ಹಾಳೆ ತೆಗೆದಳು. ಮಡಿಕೆಗಳಲ್ಲಿ ಅದು ಹರಿಯುವ ಹಾಗಾಗಿತ್ತು. ಕಪ್ಪು ಗುರುತಿನ ಮೇಲೆ ಬೆರಳಿಟ್ಟು, “ಇಲ್ಲೇನ್ ಬರದೀರಿ ಮಾಸ್ತರ? ಓದಿ ಹೇಳ್ರಿ” ಎಂದಳು.

ಓದಿದೆ.

“ಅಂದ್ರ?”

“ಅಂದ್ರ… ನೀನು ಶೋಧನ್ಯಾಗ ಬಿದ್ದೆ, ಅದನ್ನ ಒಪ್ಪಿಕೊಂಡೆ ಅಂತ.”

“ಹೌದಲ್ರಿ, ಬಿದ್ದೆ. ನಾನ ಹೇಳೀನಿ. ಅದರಾಗ ತಪ್ಪೇನೈತಿ? ಅದನ್ನ ಓದಿ ಬಾಯಾರು, ನೀನ ಕಳುವು ಒಪ್ಪಿಕೊಂಡ ಮ್ಯಾಲ ಇನ್ನೇನು ಅಂತ ಹೊರಗ ಹಾಕಿದ್ರು. ನಾ ಯಾವಾಗ ಒಪ್ಪಿಕೊಂಡೆ?”

“ಲೇಯವ್ವಾ, ನೀನು ಶೋಧನಿ ಅಂದ್ರ ಏನಂತ ತಿಳಕೊಂಡೀದಿ?” ಎಂದು ಕೇಳಿದೆ. ಒಂದು ವಾರ ಮುಂಚೆ ಕೇಳಬೇಕಾಗಿದ್ದ ಮಾತು.

ಆಕೆ ನನ್ನನ್ನು ಮಕ್ಕಳನ್ನು ನೋಡುವ ಹಾಗೆ ನೋಡಿದಳು. “ಝಡತಿರಿ. ಮಂಗಳವಾರ ಹಾಸ್ಟೆಲಿನ ಗುಮಾಸ್ತ ಬಂದು ಕಾಗದ ಓದಿದ. ಎಲ್ಲಾ ಕೆಲಸದವರ ಕೋಣೆ ಶೋಧನೆ ಮಾಡಲಾಗುವುದು ಅಂತ. ಹಂಗಂತನ ಓದಿದ. ನನ್ನ ಟ್ರಂಕು ಅಂಗಳಕ್ಕ ತಂದು ಹುಡುಗ್ಯಾರ ಮುಂದ ಕೊಡವಿದ್ರು. ನನ್ನ ಗಂಡನ ಅಂಗಿ, ನನ್ನ ಒಳಗಿನ ಅರಿವಿ, ಎಲ್ಲಾ. ಏನೂ ಸಿಗಲಿಲ್ಲ. ಸಿಗಾಕ ನಾ ಏನರ ತಗೊಂಡಿದ್ರ ಅಲ್ಲೇನು?”

ಸಲೋಮಿ ಬಾಗಿಲಲ್ಲಿ ನಿಂತಿದ್ದಳು. ನಾನು ಆ ಕಡೆ ನೋಡಲಿಲ್ಲ.

“ನಮ್ಮವ್ವ ಹತ್ತಿ ಮಿಲ್ಲಿಗೆ ಹೋಗ್ತಿದ್ಳು” ಎಂದು ಲೇಯವ್ವ ಮುಂದುವರಿಸಿದಳು. “ದಿನಾ ಸಂಜಿಗೆ ಗೇಟಿನ್ಯಾಗ ಝಡತಿ. ಒಂದ್ ಹಿಡಿ ಹತ್ತಿ ಎಲ್ಲಿ ಮುಚ್ಚಿಟ್ಟಾಳೋ ಅಂತ ಸೀರಿ ಜಾಡಿಸಿ ನೋಡ್ತಿದ್ರು. ಅದಕ್ಕ ಆಕಿ ದಿನಾ ಮುಂಜಾನೆ ಕರ್ತನ ಪ್ರಾರ್ಥನಾ ಹೇಳೇ ಹೊರಗ ಬೀಳ್ತಿದ್ಳು. ಶೋಧನಿ ಅಂದ್ರೇನಬೇ ಅಂತ ನಾ ಕೇಳಿದ್ರ, ಅದನವ್ವಾ, ಝಡತಿ ಅಂತಿದ್ಳು. ದಿನದ ರೊಟ್ಟಿ ಕೊಡಪಾ, ಝಡತಿಗೆ ನಿಂದರಸಬ್ಯಾಡಪಾ. ಬಡವರು ಬೇಡೂದು ಇಷ್ಟ ಅಲ್ಲೇನ್ರಿ? ನಾನೂ ಸಣ್ಣಾಕಿ ಇದ್ದಾಗಿಂದ ಹಂಗ ಬೇಡಿಕೊಂಡೀನಿ. ಈ ವಯಸ್ಸಿಗೆ ಬಂದು ನಿಂತೆ ನೋಡ್ರಿ ಝಡತಿಗೆ.”

ಎರಡು ತಲೆಮಾರು ಒಂದು ಮಾತಿಗೆ ತಮ್ಮ ಮೈಮೇಲೆ ಬಿದ್ದ ಅರ್ಥವನ್ನೇ ಕೊಟ್ಟುಕೊಂಡು ಪ್ರಾರ್ಥಿಸಿದ್ದವು. ಪದಕೋಶ ತೆಗೆದರೆ ಅದೂ ಸರಿಯಾದ ಅರ್ಥವೇ. ಶೋಧನೆ ಎಂದರೆ ಹುಡುಕುವುದು ಎಂದು ಶಾಲೆಯಲ್ಲಿ ಮಕ್ಕಳಿಗೆ ಬರೆಸುತ್ತಿದ್ದವನು ನಾನೇ. ಕಳವಿನ ಸುದ್ದಿ ಕಿವಿಗೆ ಬಿದ್ದ ಮೇಲೂ ನನಗೆ ಅದು ಹೊಳೆಯಲಿಲ್ಲ. ನನ್ನ ತಪ್ಪನ್ನು ಆಕೆಗೆ ಬಿಡಿಸಿ ಹೇಳಿದೆ. ಆಕೆ ಬೈಯಲಿಲ್ಲ. ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು.

“ಹಂಗಾರ ಒಂದ್ ಕೆಲಸ ಮಾಡ್ರಿ” ಎಂದಳು. “ಬರೀಬ್ಯಾಡ್ರಿ ಮತ್ತ. ಐತವಾರ ಸಭ್ಯಾಗ ಎದ್ದು ನಿಂತು ಬಾಯಿಲೆ ಹೇಳ್ರಿ. ಲೇಯವ್ವ ಕದ್ದಿಲ್ಲ, ನನಗ ತಪ್ಪು ತಿಳೀತು ಅಂತ. ನನಗೂ ತಿಳಿಯೂ ಹಂಗ ಹೇಳ್ರಿ.”

“ಹೇಳ್ತೀನಿ” ಎಂದೆ. ಆಣೆ ಮಾಡಿದ ಹಾಗೆಯೇ ಹೇಳಿದೆ.

ಅಂದೇ ಸಲೋಮಿ ನನ್ನನ್ನು ವಾರ್ಡನ್ ಮನೆಗೆ ಎಳೆದುಕೊಂಡು ಹೋದಳು. ನತಾನಿಯೇಲ್ ಬಾಯಿಯವರು ಕೆಟ್ಟವರಲ್ಲ. ಎಲ್ಲ ಕೇಳಿ ತಲೆ ಹಿಡಿದುಕೊಂಡರು. “ಏನೂ ಸಿಗದಾಗ ನಾನೂ ವಿಷಯ ಬಿಟ್ಟಿದ್ದೆ ಮಾಸ್ತರ್. ನಿಮ್ಮ ಹಾಳಿ ಬರದಿದ್ರ ಆಕಿ ಇವತ್ತೂ ಒಲಿ ಮುಂದ ಇರ್ತಿದ್ಳು. ಆದ್ರ ಈಗ ಊರೆಲ್ಲ ಓದೇತಿ. ಸುಮ್ನ ಕರಕೊಂಡ್ರ ಹುಡುಗ್ಯಾರ ಮನಿಯವರು ನನ್ನ ಬಿಟ್ಟಾರೇನು? ನೀವು ಐತವಾರ ಸಭ್ಯಾಗ ಎದ್ದು ಹೇಳ್ರಿ. ಸೋಮವಾರ ಮುಂಜಾನೆ ನಾನ ಹೋಗಿ ಆಕಿನ್ನ ಕರಕೊಂಡ ಬರ್ತೀನಿ” ಎಂದರು.

ಇಷ್ಟು ಸುಲಭವಿತ್ತು. ಎದ್ದು ನಿಲ್ಲಬೇಕಿತ್ತು, ನಾಲ್ಕು ಮಾತು ಹೇಳಬೇಕಿತ್ತು.

ಶನಿವಾರ ಪಾಸ್ಟರ್ ಅಮೋಸ್ ಊರಿಗೆ ಬಂದಾಗ ವಿಷಯ ಹೇಳಿದೆ. ಅವರು ಕೆನ್ನೆ ಕೆರೆದುಕೊಂಡರು. ಮಾರನೆಯ ದಿನದ ಆರಾಧನೆಗೆ ಡಿ.ಎಸ್. ಸಾಹೇಬರು, ಅಂದರೆ ಜಿಲ್ಲೆಯ ಸಭೆಗಳಿಗೆಲ್ಲ ಮೇಲಿನವರು, ಬರುವವರಿದ್ದರು. “ನಾಳಿನ ದಿವಸ ಕಳುವು, ಝಡತಿ ಅಂತೆಲ್ಲ ಅವರ ಮುಂದ ಯಾಕ ಮಾಸ್ತರ್? ಹಾಳಿಯೊಳಗ ನಾಲ್ಕು ಸಾಲು ಹಾಕಿಬಿಡ್ರಿ. ಬೇಕಾದ್ರ ಮುಂದಿನ ವಾರ ಎದ್ದು ಹೇಳೀರಂತ” ಎಂದರು. ಅವರು ಹೇಳಿದ್ದು ಸಲಹೆ, ಅಪ್ಪಣೆಯಲ್ಲ. ಆದರೆ ಆ ಮಾತು ಕೇಳಿ ನನಗೆ ಹೊತ್ತ ಭಾರ ಇಳಿದ ಹಾಗಾಯಿತು. ಮನೆಗೆ ಬಂದು ಸ್ಟೆನ್ಸಿಲ್ ಕೊರೆಯಲು ಕೂತೆ. ಹಾಳೆಯಲ್ಲಿ ಹಾಕಿದ್ದು ಇದು: ‘ಕಳೆದ ವಾರದ ಸಂಚಿಕೆಯಲ್ಲಿ ಪ್ರಯುಕ್ತವಾದ ಶೋಧನೆ ಎಂಬ ಪದವು ಉಭಯಾರ್ಥಕ್ಕೆ ಎಡೆಗೊಟ್ಟಿರುವ ಸಂಭವವಿರುವುದರಿಂದ, ಸಂಬಂಧಿಸಿದ ಸಹೋದರಿಯ ಕುರಿತು ವಾಚಕರು ಅನ್ಯಥಾ ಭಾವಿಸಬಾರದಾಗಿ ಕೋರಿಕೆ.’ ಆಕೆಯ ಹೆಸರೂ ಇಲ್ಲ, ನನ್ನ ತಪ್ಪೂ ಇಲ್ಲ. ಸಲೋಮಿ ಓದಿ, “ಇದು ಯಾರಿಗೆ ತಿಳೀತೈತಿ?” ಎಂದಳು. ಹೆಬ್ಬೆರಳನ್ನು ತಿಕ್ಕುತ್ತ ನಾನು ಹಿತ್ತಲಿಗೆ ಹೋದೆ.

ಭಾನುವಾರ ದೇವಾಲಯ ತುಂಬಿತ್ತು. ಲೇಯವ್ವ ಚಾಪೆ ಬಿಟ್ಟು, ಮೊದಲ ಸಲ, ಬೆಂಚಿನ ತುದಿಯಲ್ಲಿ ಕೂತಿದ್ದಳು. ಒಗೆದ ಬಿಳಿ ಸೀರೆ ಉಟ್ಟಿದ್ದಳು. ನಾನು ಎದ್ದಾಗ ನನ್ನ ಮುಖ ಆಕೆಗೆ ಸರಿಯಾಗಿ ಕಾಣಲಿ ಎಂದು ಅಲ್ಲಿ ಕೂತಿದ್ದಳೇನೋ. ಪ್ರಕಟಣೆಗಳ ಹೊತ್ತು ಬಂತು. ಪಾಸ್ಟರ್ ಒಂದೊಂದೇ ಓದಿದರು. ಡಿ.ಎಸ್. ಸಾಹೇಬರು ನಮ್ಮ ಹಾಳೆಯನ್ನು ಮೇಲೆತ್ತಿ ಹಿಡಿದು, “ಇಂಥ ಶುದ್ಧ ಭಾಷೆಯ ಹಾಳೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಬರೆದ ಮಾಸ್ತರು ಯಾರು?” ಎಂದರು. ಎಲ್ಲರೂ ನನ್ನತ್ತ ತಿರುಗಿದರು. ನಾನು ಎದ್ದು ನಿಂತೆ.

ಎದ್ದು ನಿಂತೆ, ನಿಜವಾಗಿಯೂ. ಲೇಯವ್ವ ಬೆಂಚಿನ ಹಲಗೆ ಹಿಡಿದು ಮುಂದಕ್ಕೆ ಬಾಗಿದಳು. ವಾರ್ಡನ್ ಬಾಯಿಯವರೂ ಹಿಂತಿರುಗಿ ನೋಡಿದರು. ನಾನು ಡಿ.ಎಸ್. ಸಾಹೇಬರಿಗೆ ಕೈಮುಗಿದೆ, ಮುಗುಳ್ನಕ್ಕೆ, ಕೂತೆ. ಕೈ ಮುಗಿದಾಗ ಹೆಬ್ಬೆರಳಿನ ಕಪ್ಪು ನನಗೇ ಕಂಡಿತು.

ಆಮೇಲೆ ಕರ್ತನ ಪ್ರಾರ್ಥನೆ. ದಿನದ ರೊಟ್ಟಿಯ ಮಾತಿನವರೆಗೆ ಆಕೆಯ ದನಿ ನಮ್ಮ ಹಿಂದೆ ಹಿಂದೆ ಬಂತು. ಶೋಧನೆಯ ಮಾತಿನ ಹತ್ತಿರ ನಿಂತುಹೋಯಿತು. ನಾವು ಆಮೆನ್ ಎಂದೆವು. ನಾನು ಕಣ್ಣು ತೆರೆಯದೆ ಕಾದೆ. ಆಕೆಯ ಆಮೆನ್ ಬರಲಿಲ್ಲ. ಕಣ್ಣು ತೆರೆದಾಗ ಬೆಂಚಿನ ತುದಿ ಖಾಲಿಯಿತ್ತು.

ಮಂಗಳವಾರ ಆಕೆ ಟ್ರಂಕು ಹೊತ್ತುಕೊಂಡು ತಂಗಿಯ ಊರಿಗೆ ಹೋದಳೆಂದು ತಿಳಿಯಿತು. ಹಾಸ್ಟೆಲಿಗೆ ಬೇರೆ ಅಡುಗೆಯಾಕೆ ಬಂದಳು. ಪಾಟ್ಲಿ ಬಳೆ ಸಿಗಲೇ ಇಲ್ಲ. ಮುಂದಿನ ಭಾನುವಾರವೂ ಬಂತು, ಅದರ ಮುಂದಿನದೂ ಬಂತು. ಆಕೆಯೇ ಊರಲ್ಲಿಲ್ಲದ ಮೇಲೆ ಇನ್ನು ಯಾರಿಗಾಗಿ ಹೇಳುವುದು ಎಂದು ಸುಮ್ಮನಾದೆ. ಹಾಳೆಯನ್ನು ಇನ್ನೂ ಹನ್ನೊಂದು ವರ್ಷ ತೆಗೆದೆ. ಸಲೋಮಿ ಅದನ್ನು ಓದುವುದನ್ನು ಬಿಟ್ಟಿದ್ದಳು.

ಪಾಸ್ಟರ್ ಅಮೋಸ್ ಹೋದರು, ವಾರ್ಡನ್ ಬಾಯಿಯವರು ಹೋದರು. ಕಡೆಗೆ ಸಲೋಮಿಯೂ ಹೋದಳು. ಲೇಯವ್ವ ಇನ್ನೂ ಇದ್ದಾಳೆ, ಇಂಥ ಊರಿನಲ್ಲಿದ್ದಾಳೆ ಎಂದು ಯಾರಿಂದಲೋ ತಿಳಿದಾಗ ನಾನು ಕೋಲು ಹಿಡಿದು ನಡೆಯುತ್ತಿದ್ದೆ. ಎರಡು ಬಸ್ಸು ಬದಲಿಸಿ ಒಂದು ಬುಧವಾರ ಮಧ್ಯಾಹ್ನ ಅಲ್ಲಿಗೆ ಹೋದೆ. ಅಲ್ಲಿಯೂ ನಮ್ಮದೇ ಒಂದು ಪುಟ್ಟ ಸಭೆ. ಕೂಟ ಮಧ್ಯಾಹ್ನ ನಡೆಯುತ್ತಿತ್ತು. ಲೇಯವ್ವ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದ ನನ್ನನ್ನು ಗುರುತು ಹಿಡಿದಳು.

“ಮಾಸ್ತರ ಏನ್ರಿ? ಇಷ್ಟ್ ದೂರ ಯಾಕ್ ಬಂದ್ರಿ, ಈ ವಯಸ್ಸಿನ್ಯಾಗ?”

“ಹೇಳಾಕ ಬಂದೀನಿ ಲೇಯವ್ವಾ. ಇವತ್ತು ಕೂಟದಾಗ ಎದ್ದು ನಿಂತು ಹೇಳ್ತೀನಿ.”

“ಏನಂತ ಹೇಳ್ತೀರಿ?”

“ನೀನು ಕದ್ದಿರಲಿಲ್ಲ ಅಂತ.”

“ಇಲ್ಲೀ ಮಂದಿಗೆ ನಾ ಕದ್ದೀನಿ ಅಂತ ಯಾರ್ ಹೇಳ್ಯಾರ್ರಿ?” ಎಂದಳು.

ನಾನು ಕೋಲನ್ನು ಮೆಟ್ಟಿಲಿಗೆ ಒರಗಿಸಿದೆ.

“ನಾ ಇಲ್ಲಿ ಬಂದು ಇಪ್ಪತ್ತೆರಡು ವರ್ಷ ಆತು. ಇಲ್ಲಿ ನಾ ಬರೇ ಲೇಯವ್ವ. ನೀವು ಎದ್ದು ಈಕಿ ಕದ್ದಿಲ್ಲ ಅಂದ್ರ, ಮನಿಗೆ ಹೋಗೂಮುಂದ ಒಬ್ಬರಾದ್ರೂ ಕೇಳ್ತಾರ, ಏನು ಕದ್ದಿಲ್ಲ ಅಂತ. ಅಲ್ಲಿ ಹೇಳಬೇಕಿತ್ರಿ ಮಾಸ್ತರ. ಅಲ್ಲಿ ಈಗ ಯಾರದಾರ?”

ಆ ಹಾಳೆ ಓದಿ ನೆನಪಿಟ್ಟವರು ಯಾರೂ ಇರಲಿಲ್ಲ. ನಾನು ಹೊತ್ತುಕೊಂಡು ಬಂದ ಮಾತನ್ನು ಇಳಿಸಲು ಭೂಮಿಯ ಮೇಲೆ ಒಂದು ಜಾಗವೂ ಉಳಿದಿರಲಿಲ್ಲ. ಆಕೆ ಗೋಡೆ ಹಿಡಿದು ಎದ್ದು, “ಬರ್ರಿ, ಒಳಗ ಕೂಡ್ರಿ, ಬಿಸಲೈತಿ” ಎಂದಳು. ಹಿಂದೆ ಹೋದೆ.

ಒಳಗೆ ಎಂಟೋ ಹತ್ತೋ ಮಂದಿ ಇದ್ದರು. ಕೂಟ ನಡೆಸುತ್ತಿದ್ದವಳು ಜೆಮೀಮಾ ಎಂಬ ಟೀಚರು, ವಯಸ್ಸು ಮೂವತ್ತು ಇರಬಹುದು. ಎಲ್ಲರ ಬಿನ್ನಹ ಬರೆದುಕೊಂಡ ಮೇಲೆ ನನ್ನ ಕಡೆ ತಿರುಗಿದಳು. “ಹಿರಿಯರು ದೂರದಿಂದ ಬಂದೀರಿ. ನಿಮ್ಮ ಬಿನ್ನಹ ಏನ್ರಿ?”

ಕೋಲೂರಿ ಎದ್ದೆ. ಎದ್ದವನಿಗೆ ಹೇಳಲು ಏನೂ ಇರಲಿಲ್ಲ. ಲೇಯವ್ವನ ಕಡೆ ನೋಡಿದೆ. ಆಕೆಗೆ ನನ್ನ ಮುಖ ಕಾಣುತ್ತಿರಲಿಲ್ಲ, ಆದರೆ ನಾನು ಎದ್ದದ್ದು ತಿಳಿದಿತ್ತು. ಹಿಂದೊಮ್ಮೆ ಎದ್ದಾಗ ಬಾಗಿದ ಹಾಗೆ ಬಾಗಲಿಲ್ಲ. ಕೈಗಳನ್ನು ಮಡಿಲಲ್ಲಿ ಬಿಟ್ಟುಕೊಂಡು ಕೂತಿದ್ದಳು.

“ಅವರು ಹೇಳೂದಿಲ್ಲವ್ವಾ, ನಾ ಹೇಳ್ತೀನಿ” ಎಂದಳು. “ಮಾಸ್ತರಿಗೆ ಭಾಳ ದಿನದಿಂದ ನಿದ್ದಿ ಇಲ್ಲ. ನಿದ್ದಿ ಬರಲಿ ಅಂತ ಬರಕೋ.”

ನಾನು ಯಾರಿಗೂ ಅದನ್ನು ಹೇಳಿರಲಿಲ್ಲ. ಕೂತೆ. ಜೆಮೀಮಾ ಬರೆಯಲು ಹೋದವಳು ಪೆನ್ನು ತಡೆದಳು. ನಮ್ಮವರಲ್ಲಿ ಸತ್ತವರನ್ನು ಕರ್ತನಲ್ಲಿ ನಿದ್ರೆಹೋದರು ಎನ್ನುವುದುಂಟು. ಆಕೆ ಕೊಂಚ ಸಂಕೋಚದಿಂದ ಲೇಯವ್ವನ ಕಡೆ ಬಾಗಿ, “ಅವ್ವಾ, ತಪ್ಪು ತಿಳೀಬ್ಯಾಡ, ಕೇಳಿಬಿಡ್ತೀನಿ. ನಿದ್ದಿ ಅಂದ್ರ ನೀ ಹಾಸಿಗ್ಯಾಗಿನ ನಿದ್ದಿನ ಹೇಳಾಕತ್ತೀ ಹೌದಲ್ಲೋ?” ಎಂದಳು.

“ಹೂನವ್ವಾ, ಹಾಸಿಗ್ಯಾಗಿಂದ. ಮತ್ತೊಂದು ಅಲ್ಲ. ಅದಕ್ಕಿನ್ನೂ ಹೊತ್ತೈತಿ.”

ಎಲ್ಲರೂ ನಕ್ಕರು. ಜೆಮೀಮಾ ನಗುತ್ತಲೇ ಬರೆದುಕೊಂಡಳು, ಬರೆದದ್ದನ್ನು ಲೇಯವ್ವನಿಗೆ ಒಮ್ಮೆ ಓದಿ ಹೇಳಿದಳು. “ಸರಿ ಐತೇನು?”

“ಸರಿ ಐತಿ” ಎಂದಳು ಲೇಯವ್ವ.

ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಗುರುತು ಪರಿಚಯವಿಲ್ಲದ ಒಬ್ಬ ಮುದುಕನಿಗೆ ನಿದ್ದೆ ಬರಲೆಂದು ಪ್ರಾರ್ಥಿಸತೊಡಗಿದರು. ನಾನೊಬ್ಬನೇ ಕಣ್ಣು ತೆರೆದುಕೊಂಡಿದ್ದೆ. ಲೇಯವ್ವನ ತುಟಿಗಳು ಅಲುಗುತ್ತಿದ್ದವು. ಏನು ಹೇಳುತ್ತಿದ್ದಳೋ, ನನಗೆ ಕೇಳಿಸಲಿಲ್ಲ.